ಬೆನ್ನ ಕೆಳಗಿನ ಚಳಿ

ಕಾಡಿನಲ್ಲಿ ಎರಡು ಮರಗಳ ನಡುವೆ ಹ್ಯಾಮಕ್ ಕಟ್ಟಿ ಮಲಗುವವರು ಬಹುಬೇಗ ಕಂಡುಕೊಳ್ಳುವ ಸಂಗತಿಯೊಂದಿದೆ. ಎಷ್ಟೇ ದಪ್ಪದ ಸ್ಲೀಪಿಂಗ್ ಬ್ಯಾಗಿನೊಳಗೆ ಹೊಕ್ಕರೂ ನಡುರಾತ್ರಿ ದಾಟುವಷ್ಟರಲ್ಲಿ ಬೆನ್ನು, ಭುಜ, ಸೊಂಟ ಕೊರೆಯತೊಡಗುತ್ತವೆ. ನಮ್ಮನ್ನು ಬೆಚ್ಚಗಿಡುವುದು ಹೊದಿಕೆಯೊಳಗೆ ಅಲುಗಾಡದೆ ನಿಂತ ಗಾಳಿ. ಮೈಭಾರಕ್ಕೆ ಬ್ಯಾಗಿನ ಅಡಿಭಾಗ ಅಪ್ಪಚ್ಚಿಯಾದರೆ ಆ ಗಾಳಿ ಹೊರಟುಹೋಗುತ್ತದೆ, ಉಳಿಯುವುದು ಎರಡು ಪದರ ತೆಳು ಬಟ್ಟೆ. ನೆಲದ ಮೇಲೆ ಮಲಗಿದವರ ಅಡಿಯ ಮಣ್ಣಾದರೂ ಒಂದಷ್ಟು ಹೊತ್ತಿಗೆ ಹದಕ್ಕೆ ಬರುತ್ತದೆ. ನೇತಾಡುವವರ ಅಡಿಯಲ್ಲಿ ಬೆಳಗಿನವರೆಗೂ ಹೊಸ ಗಾಳಿ ಬೀಸುತ್ತಲೇ ಇರುತ್ತದೆ. ಅಮೆರಿಕದ ಚಾರಣಿಗರು ಈ ಅವಸ್ಥೆಯನ್ನು ‘ಕೋಲ್ಡ್ ಬಟ್ ಸಿಂಡ್ರೋಮ್’ ಎಂದು ಗೇಲಿ ಮಾಡುತ್ತಾರೆ. ಅನುಭವಿಸುವ ಹೊತ್ತಿಗೆ ಗೇಲಿಯೇನೂ ಹೊಳೆಯುವುದಿಲ್ಲ ಎನ್ನುವುದು ಬೇರೆ ಮಾತು.

ಹ್ಯಾಮಕ್ಕಿನ ಈ ಹವ್ಯಾಸ ಬೆಳೆದದ್ದು ಮುಖ್ಯವಾಗಿ ಅಮೆರಿಕದ ಪೂರ್ವದ ಕಾಡುಗಳಲ್ಲಿ. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್‌ವರೆಗೆ 14 ರಾಜ್ಯಗಳಲ್ಲಿ ಹಾದುಹೋಗುವ, ಸುಮಾರು 3,500 ಕಿಲೋಮೀಟರ್ ಉದ್ದದ ಅಪಲಾಚಿಯನ್ ಟ್ರೇಲ್‌ನಲ್ಲಿ ಸಮತಟ್ಟಾದ ನೆಲಕ್ಕೆ ಬರ, ಮರಗಳಿಗೆ ಬರವಿಲ್ಲ. ಆದರೆ ದಕ್ಷಿಣದಿಂದ ಹೊರಡುವವರಲ್ಲಿ ಬಹಳ ಮಂದಿ ಮಾರ್ಚ್, ಏಪ್ರಿಲ್‌ನಲ್ಲಿ ಹೊರಡುತ್ತಾರೆ; ಆಗ ದಾರಿಯಲ್ಲಿ ಸಿಗುವ ಸ್ಮೋಕಿ ಬೆಟ್ಟಗಳಲ್ಲಿ ಹಿಮ ಬಿದ್ದರೂ ಯಾರೂ ಅಚ್ಚರಿಪಡುವುದಿಲ್ಲ. ಮರವನ್ನು ನಂಬಿ ಹೊರಟವರಿಗೆ ಬೆನ್ನಿನ ಚಳಿಯೇ ದೊಡ್ಡ ಪ್ರಶ್ನೆಯಾಯಿತು. ಅದಕ್ಕೆ ಬಂದ ಉತ್ತರಗಳಲ್ಲಿ ಹಲವು ಮನೆಯ ಹೊಲಿಗೆ ಯಂತ್ರದ ಮೇಲೆಯೇ ಹುಟ್ಟಿದವು.

ಎಲ್ಲಕ್ಕಿಂತ ಅಗ್ಗದ ಉತ್ತರ ಫೋಮ್ ಚಾಪೆ. ಗಾಳಿ ನುಗ್ಗದು, ನೀರು ಹೀರದು, ಹರಿದರೂ ಕೆಲಸ ನಿಲ್ಲಿಸದು. ಆದರೆ ಹ್ಯಾಮಕ್ಕಿನ ಬಾಗಿಗೆ ಅದು ಒಗ್ಗುವುದಿಲ್ಲ. ಮಗ್ಗುಲು ಬದಲಿಸಿದಾಗಲೆಲ್ಲ ಜಾರುತ್ತದೆ, ಭುಜವನ್ನು ಹೊರಗೆ ಬಿಡುತ್ತದೆ, ಬೆವರನ್ನು ಬೆನ್ನಿಗೇ ಅಂಟಿಸುತ್ತದೆ. ಎರಡು ಪದರದ ಹ್ಯಾಮಕ್ ತಂದು ನಡುವೆ ಚಾಪೆ ತೂರಿಸಿದರೆ ಜಾರುವುದಷ್ಟೇ ನಿಲ್ಲುತ್ತದೆ. ಹೆದ್ದಾರಿಯ ಪಕ್ಕದಲ್ಲಿ ಒಂದು ರಾತ್ರಿ ಕಳೆಯಲು ಸಾಕು, ವಾರಗಟ್ಟಲೆ ನಡೆಯುವವರಿಗೆ ಸಾಲದು.

ನಾರ್ತ್ ಕರೋಲಿನಾದ ಎಡ್ ಸ್ಪಿಯರ್ 2003ರಲ್ಲಿ ಹ್ಯಾಮಕ್ ಕ್ಯಾಂಪಿಂಗ್ ಕುರಿತು ಪುಸ್ತಕವನ್ನೇ ಬರೆದರು. ಹ್ಯಾಮಕ್ ಹೊಲಿದುಕೊಳ್ಳುವುದನ್ನು ಓದುಗರಿಗೆ ಕಲಿಸಿದವರಲ್ಲಿ ಅವರು ಪ್ರಮುಖರು. ಅವರ ‘ಪೀಪಾಡ್’ ಇಡೀ ಹ್ಯಾಮಕ್ಕನ್ನು ಹೊರಗಿನಿಂದ ನುಂಗುವ ದೊಡ್ಡ ಚೀಲ. ಹೊದಿಕೆ ಮೈಯ ಅಡಿಗೆ ಸಿಕ್ಕಿ ಚಪ್ಪಟೆಯಾಗಬಾರದು, ಹೊರಗೆ ನೇತಾಡಬೇಕು ಎಂಬ ಮೂಲ ವಿಚಾರ ಅದರಲ್ಲಿ ಸರಿಯಾಗಿಯೇ ಇತ್ತು. ಆದರೆ ಮಲಗಿದವರ ಮೇಲೆ ಒಂದು ಪೊಳ್ಳು ಉಳಿದುಬಿಡುತ್ತಿತ್ತು, ಅಷ್ಟೂ ಗಾಳಿಯನ್ನು ಮೈಯೇ ಕಾಯಿಸಬೇಕಿತ್ತು. ಆ ಚೀಲದ ಕೆಳಗಿನ ಅರ್ಧವನ್ನು ಮಾತ್ರ ಉಳಿಸಿಕೊಂಡರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗಿದೆ ಇಂದಿನ ಅಂಡರ್‌ಕ್ವಿಲ್ಟ್: ಹ್ಯಾಮಕ್ಕಿನ ಅಡಿಗೆ ಎಲಾಸ್ಟಿಕ್ ದಾರದಿಂದ ತೂಗುಹಾಕುವ ರಜಾಯಿ.

ನನ್ನ ತಕರಾರು ಈ ವಸ್ತುವಿನ ಬಗ್ಗೆ ಅಲ್ಲ, ಅದನ್ನು ಆರಿಸುವ ಕ್ರಮದ ಬಗ್ಗೆ. ಕೊಳ್ಳುವವರು ನೋಡುವುದು ಎರಡೇ ಅಂಕಿ: ತೂಕ ಎಷ್ಟು, ಎಷ್ಟು ಡಿಗ್ರಿಯವರೆಗೆ ತಡೆಯುತ್ತದೆ. ಸ್ಲೀಪಿಂಗ್ ಬ್ಯಾಗಿಗೆ ಐಎಸ್‌ಒ 23537 ಎಂಬ ಮಾನದಂಡವಿದೆ, ಬಿಸಿಮಾಡಿದ ಬೊಂಬೆಯನ್ನು ಒಳಗೆ ಮಲಗಿಸಿ ಅಳೆಯುತ್ತಾರೆ. ಚಾಪೆ ಎಷ್ಟು ಚಳಿ ತಡೆಯುತ್ತದೆಂದು ಹೇಳುವ ‘ಆರ್ ಮೌಲ್ಯ’ಕ್ಕೂ ಎಎಸ್‌ಟಿಎಂ ಎಫ್3340 ಇದೆ. ಅಂಡರ್‌ಕ್ವಿಲ್ಟ್ ಮೇಲೆ ನಮೂದಾಗುವ ಡಿಗ್ರಿ ಮಾತ್ರ ಹೊಲಿದವರ ಅನುಭವದ ಅಂದಾಜು. ಅಂದಾಜು ಪ್ರಾಮಾಣಿಕವಾಗಿಯೇ ಇರಬಹುದು. ಆದರೂ ಅದು ಹೇಳುವುದು ರಜಾಯಿಯ ದಪ್ಪದ ಕಥೆಯನ್ನಷ್ಟೇ. ಬೆನ್ನಿಗೂ ರಜಾಯಿಗೂ ನಡುವೆ ಎರಡು ಬೆರಳು ಸಂದು ಉಳಿದರೆ ಮೈನಸ್ ಹತ್ತು ಡಿಗ್ರಿಯ ಮಾಲೂ ಸೊನ್ನೆಗೆ ಬಾಳುವುದಿಲ್ಲ. ಸಂದಿನೊಳಗೆ ಬೆಚ್ಚಗಾದ ಗಾಳಿ ಪ್ರತಿ ತೂಗಾಟಕ್ಕೂ ತುದಿಗಳಿಂದ ಹೊರಗೆ ನುಗ್ಗುತ್ತದೆ. ಹಾಗೆಂದು ದಾರ ಬಿಗಿದರೆ ರಜಾಯಿ ಹ್ಯಾಮಕ್ಕಿಗೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಅಲ್ಲಿಗೆ ಸ್ಲೀಪಿಂಗ್ ಬ್ಯಾಗಿನ ಹಳೆಯ ರೋಗವೇ ಮರಳಿದಂತೆ. ಒಳಗೆ ಮಲಗಿಕೊಂಡು, ಜೊತೆಗಾರರೊಬ್ಬರಿಂದ ಅಡಿಯಲ್ಲಿ ಕೈಯಾಡಿಸಿ ನೋಡಿಸಬೇಕು: ರಜಾಯಿ ಬೆನ್ನಿಗೆ ತಾಗಿರಬೇಕು, ಆದರೆ ಅದರ ಉಬ್ಬು ಕುಂದಿರಬಾರದು. ಹ್ಯಾಮಕ್ಕಿನಲ್ಲಿ ಸಾಮಾನ್ಯವಾಗಿ ಓರೆಯಾಗಿ ಮಲಗುವುದರಿಂದ ಭುಜದ ಒಂದು ಮೂಲೆ, ಮೀನಖಂಡದ ಇನ್ನೊಂದು ಮೂಲೆ ತಪ್ಪದೆ ಸಡಿಲವಾಗುತ್ತವೆ. ಅಂಗಡಿಯ ರಜಾಯಿ ಎಲ್ಲರ ಮೈಗೂ ಒಂದೇ ಅಳತೆ. ಮನೆಯಲ್ಲಿ ಹೊಲಿಯುವುದಕ್ಕೆ ದುಡ್ಡಿನ ಉಳಿತಾಯಕ್ಕಿಂತ ಗಟ್ಟಿಯಾದ ಸಮರ್ಥನೆ ಇಲ್ಲಿದೆ.

ಹೊಲಿಯುವವರೂ ಎಡವುವುದು ತುಪ್ಪುಳದ ಮೋಹದಲ್ಲಿ. ಬಾತು, ಹೆಬ್ಬಾತುಗಳ ಎದೆಯ ತುಪ್ಪುಳಕ್ಕೆ ತೂಕದ ಲೆಕ್ಕದಲ್ಲಿ ಸಾಟಿಯಿಲ್ಲ, ಒಪ್ಪೋಣ. 800 ಫಿಲ್ ಪವರ್ ಅಂದರೆ ಒಂದು ಔನ್ಸ್ ತುಪ್ಪುಳ 800 ಘನ ಇಂಚು ಅರಳುತ್ತದೆ, ಅಂದರೆ ಸುಮಾರು 28 ಗ್ರಾಮಿಗೆ 13 ಲೀಟರ್. ಎರಡು ಮೀಟರ್ ಉದ್ದ, 115 ಸೆಂಟಿಮೀಟರ್ ಅಗಲದ ರಜಾಯಿಯಲ್ಲಿ 5 ಸೆಂಟಿಮೀಟರ್ ದಪ್ಪ ಬೇಕೆಂದರೆ 115 ಲೀಟರ್ ತುಂಬಬೇಕು. ಅದಕ್ಕೆ 250 ಗ್ರಾಮ್, ತುಪ್ಪುಳ ಒಳಗೆ ಸರಿದಾಡದಿರಲೆಂದು ಮೇಲೆ ಐದರಲ್ಲೊಂದು ಭಾಗ ಸೇರಿಸಿದರೆ 300. ಅದೇ ಅಳತೆಗೆ ಚದರ ಗಜಕ್ಕೆ 5 ಔನ್ಸ್ ತೂಗುವ ಕ್ಲೈಮಾಶೀಲ್ಡ್ ಏಪೆಕ್ಸ್ ಎಂಬ ಪಾಲಿಯೆಸ್ಟರ್ ಹಾಳೆ ಸುಮಾರು 390 ಗ್ರಾಮ್. ಎರಡನ್ನೂ ಹೊಲಿಯುವವರ ವಾಡಿಕೆ ಸೊನ್ನೆಯ ಆಸುಪಾಸಿನ ರಾತ್ರಿಗೆ ಲೆಕ್ಕ ಹಾಕುತ್ತದೆ. ಇಷ್ಟೆಲ್ಲ ವ್ಯಾಮೋಹದ ಫಲ ತೊಂಬತ್ತು ಗ್ರಾಮ್! ಅದರಲ್ಲೂ ತುಪ್ಪುಳವನ್ನು ಹಿಡಿದಿಡುವ ಒಳಗೋಡೆಗಳ ತೂಕ ಲೆಕ್ಕಕ್ಕೆ ಬಂದಿಲ್ಲ.

ಆ ಗೋಡೆಗಳೇ ಈ ಕೆಲಸದ ಕಷ್ಟ. ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಹಾಯುವ ದಾರವೇ ಹಳೆಯ ಸೀರೆಗಳ ಪದರಗಳನ್ನು ಒಂದು ಮಾಡುತ್ತದೆ, ಹೊಲಿಗೆ ಹೆಚ್ಚಿದಷ್ಟೂ ಗಟ್ಟಿ. ತುಪ್ಪುಳದ ರಜಾಯಿಗೆ ಅದೇ ಹೊಲಿಗೆ ಮಾರಕ: ದಾರ ಹಾದಲ್ಲೆಲ್ಲ ದಪ್ಪ ಸೊನ್ನೆಯಾಗಿ ಚಳಿಯ ಗೆರೆ ಮೂಡುತ್ತದೆ. ಆದ್ದರಿಂದ ಮೇಲಿನ ಬಟ್ಟೆಗೂ ಕೆಳಗಿನ ಬಟ್ಟೆಗೂ ನಡುವೆ ಸೊಳ್ಳೆಪರದೆಯಂಥ ತೆಳು ಜಾಲರಿಯ ಪಟ್ಟಿಗಳನ್ನು ನಿಲ್ಲಿಸಿ ಹೊಲಿಯಬೇಕು. ಹೊರಪದರವನ್ನು ಒಳಪದರಕ್ಕಿಂತ ಅಗಲವಾಗಿ ಕತ್ತರಿಸಬೇಕು, ಯಾಕೆಂದರೆ ರಜಾಯಿ ಮೈಯ ಸುತ್ತ ಬಾಗಿದಾಗ ಹೊರಗಿನ ಕಮಾನು ಉದ್ದ. ಎರಡೂ ಸಮವಿದ್ದರೆ ಹೊರಬಟ್ಟೆ ಬಿಗಿದುಕೊಂಡು ತುಪ್ಪುಳವನ್ನು ಹಿಂಡುತ್ತದೆ. ಅಮೆರಿಕದ ಜಾಣರು ಕಾಸ್ಟ್‌ಕೋ ಮಳಿಗೆಯ ಅಗ್ಗದ ತುಪ್ಪುಳದ ಹೊದಿಕೆಗೆ ಅಂಚಿನಲ್ಲಿ ಕುಣಿಕೆ ಹೊಲಿದು ಅಂಡರ್‌ಕ್ವಿಲ್ಟ್ ಮಾಡಿಕೊಂಡದ್ದು ಹೆಸರಾಯಿತು. ಬುದ್ಧಿವಂತಿಕೆಯನ್ನು ಮೆಚ್ಚಬೇಕು, ಆದರೆ ಅದರ ಚೌಕ ಚೌಕ ಹೊಲಿಗೆ ಆರ್‌ಪಾರ್ ಹಾದದ್ದು. ಬೇಸಿಗೆಯ ರಾತ್ರಿಗೆ ಸರಿ, ಅಷ್ಟೇ.

ಏಪೆಕ್ಸ್‌ನಲ್ಲಿ ಈ ಯಾವ ರಗಳೆಯೂ ಇಲ್ಲ. ಎಳೆಗಳು ಅಖಂಡವಾಗಿರುವುದರಿಂದ ಹಾಳೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ನಾಲ್ಕು ಅಂಚು ಹೊಲಿದರೆ ನಡುವೆ ಸೂಜಿಯನ್ನೇ ಇಳಿಸಬೇಕಿಲ್ಲ. ತೆಳು ರಿಪ್‌ಸ್ಟಾಪ್ ನೈಲಾನ್‌ನ ಎರಡು ತುಂಡುಗಳನ್ನು ಮುಖಾಮುಖಿ ಇಟ್ಟು, ಮೇಲೆ ಏಪೆಕ್ಸ್ ಹಾಸಿ, ಮೂರು ಬದಿ ಹೊಲಿದು ದಿಂಬಿನ ಚೀಲದ ಹಾಗೆ ಮಗುಚಿದರೆ ಅರ್ಧ ಕೆಲಸ ಮುಗಿಯಿತು. ಗುಂಡುಸೂಜಿ ಚುಚ್ಚಿದರೆ ನೈಲಾನ್‌ನಲ್ಲಿ ತೂತು ಉಳಿಯುತ್ತದೆ, ಬಟ್ಟೆ ಒಣಗಿಸುವ ಕ್ಲಿಪ್ಪೇ ಮೇಲು. ಏಪೆಕ್ಸಿನ ಎಳೆಗಳು ಯಂತ್ರದ ಹಲ್ಲಿಗೆ ಸಿಕ್ಕಿ ಸುರುಳಿಯಾಗುತ್ತವೆ. ನಡುವೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದರಾಯಿತು. ಅಂಚುಗಳನ್ನು ನಾಡಾ ತೂರಿಸುವಂತೆ ಮಡಿಚಿ ಹೊಲಿದು, ಉದ್ದಕ್ಕೂ ಅಡ್ಡಕ್ಕೂ ಎಲಾಸ್ಟಿಕ್ ದಾರ ಎಳೆಯಬೇಕು. ತುದಿಯ ದಾರಕ್ಕೆ ಜಾರುಗುಂಡಿ ಕಡ್ಡಾಯ: ತುದಿಯನ್ನು ಬಿಗಿಯುವ, ಸಡಿಲಿಸುವ ಸ್ವಾತಂತ್ರ್ಯವಿಲ್ಲದಿದ್ದರೆ ಮೈಗೆ ಹೊಂದಿಸುವ ಮಾತೇ ಇಲ್ಲ. ಇದಕ್ಕೂ ದೋಷಗಳಿವೆ. ಮಡಿಚಿದಾಗ ಚೀಲದಲ್ಲಿ ಹೆಚ್ಚು ಜಾಗ ತಿನ್ನುತ್ತದೆ, ವರ್ಷಗಟ್ಟಲೆ ಅದುಮಿಟ್ಟರೆ ಉಬ್ಬು ಇಳಿಯುತ್ತದೆ. ಚೆನ್ನಾಗಿ ನೋಡಿಕೊಂಡ ತುಪ್ಪುಳದಷ್ಟು ಬಾಳಿಕೆ ಇದಕ್ಕಿಲ್ಲ. ಆದರೆ ಮಂಜಿಗೆ, ತುಂತುರಿಗೆ ತುಪ್ಪುಳ ಮುದ್ದೆಯಾಗುವಂತೆ ಇದು ಆಗುವುದಿಲ್ಲ. ನಮ್ಮ ಸಹ್ಯಾದ್ರಿಯಲ್ಲಿ ಇಂಬಳದ ಕಾಟ ತಪ್ಪಿಸಲು ಹ್ಯಾಮಕ್ ಕಟ್ಟುವ ಕೆಲವರು ದುಬಾರಿ ತುಪ್ಪುಳದ ರಜಾಯಿ ತರಿಸಿಕೊಳ್ಳುತ್ತಾರೆ. ಅಲ್ಲಿನ ತೇವಕ್ಕೆ, ಹತ್ತು ಡಿಗ್ರಿಯ ಆಸುಪಾಸಿನ ಚಳಿಗೆ 2.5 ಔನ್ಸಿನ ಏಪೆಕ್ಸ್ ಸಾಕು.

ಗ್ರಾಮ್ ಎಣಿಸುವವರ ಇನ್ನೊಂದು ಪ್ರೀತಿ ಮುಕ್ಕಾಲು ಉದ್ದದ ಅಂಡರ್‌ಕ್ವಿಲ್ಟ್. ಭುಜದಿಂದ ಮೊಣಕಾಲಿನವರೆಗೆ ಅದು, ಪಾದದ ಕೆಳಗೆ ಫೋಮಿನ ತುಂಡು. ಲೆಕ್ಕದಲ್ಲಿ ಚೆಂದ. ಆದರೆ ನಿದ್ದೆಯಲ್ಲಿ ಅರ್ಧ ಗೇಣು ಕೆಳಗೆ ಸರಿದರೆ ಭುಜಕ್ಕೆ ಆಸರೆ ತಪ್ಪಿತು, ಫೋಮಿನ ತುಂಡಂತೂ ಎಲ್ಲಿಗೆ ಹೋಯಿತೆಂದು ಕತ್ತಲಲ್ಲಿ ತಡಕಾಡಬೇಕು. ಮೊದಲ ಸಲ ಹೊಲಿಯುವವರು ಪೂರ್ತಿ ಉದ್ದದ್ದನ್ನೇ ಹೊಲಿಯಲಿ, ಮೊದಲ ರಾತ್ರಿಯನ್ನು ಮನೆಯ ಹಿತ್ತಿಲಿನಲ್ಲೇ ಕಳೆಯಲಿ. ದಾರ ಎಲ್ಲಿ ಬಿಗಿಯಬೇಕು, ಎಲ್ಲಿ ಬಿಡಬೇಕು ಎಂಬುದು ಗೊತ್ತಾದ ಮೇಲೆ ಉದ್ದ ಕತ್ತರಿಸಲು ಕತ್ತರಿ ಇದ್ದೇ ಇದೆ.