ಕೂಸು ಸಪ್ಪಗಾದಾಗ

ಕರ್ನಾಟಕದ ಹಳ್ಳಿಮನೆಗಳಲ್ಲಿ ಮಗುವಿನ ಕಾಯಿಲೆ ಮೊದಲು ಗೊತ್ತಾಗುವುದು ಅದರ ನಡವಳಿಕೆಯಿಂದ. ಆಡುತ್ತಿದ್ದ ಕೂಸು ಸಪ್ಪಗಾಯಿತು, ಮೊಲೆ ಹಿಡಿಯಲೊಲ್ಲದು, ಎತ್ತಿಕೊಂಡರೂ ರಚ್ಚೆ ಬಿಡುತ್ತಿಲ್ಲ ಎಂಬುದು ತಾಯಿಗೋ ಅಜ್ಜಿಗೋ ಬೇಗ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1990ರ ದಶಕದಲ್ಲಿ ರೂಪಿಸಿದ ಮಾರ್ಗಸೂಚಿಯೂ ಹಾಲು ಕುಡಿಯಲಾಗದಿರುವುದನ್ನು, ಮಂಕಾಗಿ ಬಿದ್ದಿರುವುದನ್ನು ಅಪಾಯದ ಚಿಹ್ನೆಗಳೆಂದೇ ಎಣಿಸುತ್ತದೆ. ಮನೆಯವರು ಎಡವುವುದು ಹೆಚ್ಚಾಗಿ ಕಂಡದ್ದಕ್ಕೆ ಕಾರಣ ಹಚ್ಚುವಾಗ.

ಭೇದಿಯಲ್ಲಿ ಇದು ಎದ್ದು ಕಾಣುತ್ತದೆ. ನೆತ್ತಿ ಕುಳಿಬಿದ್ದಿದೆ ಎಂದು ಅಜ್ಜಿ ಬೆರಳಾಡಿಸಿಯೇ ಹೇಳಬಲ್ಲಳು. ಅದನ್ನು ಬೇರೆಯದೇ ತೊಂದರೆಯೆಂದು ಬಗೆದು ಹರಳೆಣ್ಣೆ ಒತ್ತಿದರೆ ಕುಳಿ ತುಂಬದು. ಅದು ಮೈಯ ನೀರು ಬತ್ತಿದ್ದರ ಗುರುತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ 2 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ ಸ್ಥಿತಿ ಗಂಭೀರ. ನೆತ್ತಿಯ ಕುಳಿ ಗುರುತಿಸಬಲ್ಲ ಅಜ್ಜಿಯ ಬೆರಳಿಗೆ ಈ ಪರೀಕ್ಷೆ ಕಲಿಸುವುದು ಕಷ್ಟವೇನಲ್ಲ. ‘ಹಲ್ಲು ಬರುತ್ತಿದೆ, ಭೇದಿ ಆಗುವುದೇ’ ಎಂಬ ಸಮಾಧಾನ ಇನ್ನೂ ಕೆಟ್ಟದ್ದು. ಓಆರ್‌ಎಸ್ ಕುಡಿಸಿ, ಜಿಂಕ್ ಮಾತ್ರೆ ಶುರುಮಾಡಬೇಕಾದ ಹೊತ್ತು ಅದರಲ್ಲೇ ಕಳೆದುಹೋಗುತ್ತದೆ.

ಹಣೆ ಮುಟ್ಟಿ ಜ್ವರ ಹೇಳುವ ರೂಢಿಯನ್ನು ಅರ್ಧ ನಂಬಬಹುದು. ಮೈ ಬಿಸಿಯಿಲ್ಲ ಎಂಬ ಮಾತು ಬಹುಮಟ್ಟಿಗೆ ಸರಿಯಿರುತ್ತದೆ, ಬಿಸಿಯಿದೆ ಎಂಬುದು ಎಷ್ಟೋ ಸಲ ಸುಳ್ಳಾಗುತ್ತದೆ.

ಕೆಮ್ಮು ಕಿವಿಗೆ ಬೀಳುತ್ತದೆ. ನ್ಯುಮೋನಿಯಾವನ್ನು ಅಂಗಿ ಎತ್ತಿಯೇ ನೋಡಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದೆಯೇ? ಎರಡು ತಿಂಗಳು ತುಂಬಿ ವರ್ಷವಾಗದ ಕೂಸು ನಿಮಿಷಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗು 40 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ವೇಗದ ಉಸಿರಾಟ. ಶೀತವಾದ ಮಗುವಿಗೆ ಟೋಪಿ, ಸ್ವೆಟರು, ಮೇಲೊಂದು ಶಾಲು ಸುತ್ತಿದರೆ ಆ ಎದೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ’ ಬಂದಿದ್ದಾಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವ ರೂಢಿಯನ್ನು ಬರೀ ಮೂಢನಂಬಿಕೆ ಎನ್ನಲಾಗದು. ಹೊರಗಿನವರು ಒಳಬರದೆ ಸೋಂಕು ಹರಡುವುದು ತಗ್ಗುತ್ತದೆ. ದಡಾರವನ್ನೂ ಅದೇ ಲೆಕ್ಕಕ್ಕೆ ಸೇರಿಸಿ ಔಷಧಿ ಮುಟ್ಟಿಸದಿದ್ದಾಗಲೇ ಕೇಡು, ಏಕೆಂದರೆ ದಡಾರದ ಬೆನ್ನಿಗೆ ನ್ಯುಮೋನಿಯಾ ಬರಬಹುದು.

ಹಸುಗೂಸಿನ ವಿಷಯದಲ್ಲಿ ಮಾತ್ರ ಮನೆಯ ಅನುಭವ ತೀರಾ ಸಾಲದು. ರಕ್ತಕ್ಕೆ ನಂಜೇರಿದ ಕೂಸಿನ ಮೈ ಸುಡುವ ಬದಲು ತಣ್ಣಗಾಗಬಹುದು. ಅಳದೆ ಮಲಗಿದ್ದು ನೆಮ್ಮದಿಯ ನಿದ್ದೆಯಂತೆ ತೋರಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೂ ಆಶಾ ಕಾರ್ಯಕರ್ತೆ 42 ದಿನಗಳೊಳಗೆ 6 ಸಲ ಹೋಗಿ ಮಗುವಿನ ತೂಕ, ಮೈಶಾಖ ನೋಡಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ.