ಹೊಲಿಗೆ ಬಿಚ್ಚುವವರು ಯಾರು?

ಅಮೆರಿಕ ಅಥವಾ ಯುರೋಪಿನ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಆಫ್ರಿಕಾಕ್ಕೆ ಹೊರಡುತ್ತಾನೆ. ಅಲ್ಲಿನ ಧರ್ಮಾರ್ಥ ಶಸ್ತ್ರಚಿಕಿತ್ಸಾ ಶಿಬಿರದಲ್ಲಿ ಎರಡು ವಾರ ದುಡಿದು, ಮಕ್ಕಳನ್ನೆತ್ತಿಕೊಂಡ ಫೋಟೋಗಳೊಂದಿಗೆ ಮರಳುತ್ತಾನೆ. ಊರವರು ಮೆಚ್ಚುತ್ತಾರೆ. ಅವನ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ಸದುದ್ದೇಶವೊಂದೇ ಗಾಯವನ್ನು ಮಾಗಿಸುವುದಿಲ್ಲ.

ಅಗತ್ಯವಂತೂ ಅಪಾರವಾಗಿದೆ. ಜಗತ್ತಿನ ಸುಮಾರು 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟಕುವ ಶಸ್ತ್ರಚಿಕಿತ್ಸೆ ಲಭ್ಯವಿಲ್ಲವೆಂದು 2015ರಲ್ಲಿ ಲ್ಯಾನ್ಸೆಟ್ ಆಯೋಗ ಹೇಳಿತು. ವರ್ಷಕ್ಕೆ ಇನ್ನೂ 14.3 ಕೋಟಿ ಶಸ್ತ್ರಚಿಕಿತ್ಸೆಗಳು ನಡೆಯಬೇಕಿವೆ ಎಂಬುದು ಅದರ ಲೆಕ್ಕ. ಈ ಹಸಿವಿನ ಮುಂದೆ ಎರಡು ವಾರದ ಶಿಬಿರ ಒಂದು ಹೊತ್ತಿನ ಊಟವಷ್ಟೇ.

ತನ್ನ ದೇಶದಲ್ಲಿ ಹಿರಿಯರ ಕಣ್ಗಾವಲಿನಲ್ಲಿ ಉಪಕರಣ ಹಿಡಿದು ನಿಲ್ಲುವ ವಿದ್ಯಾರ್ಥಿಗೆ ಬಡ ದೇಶದಲ್ಲಿ ಕೆಲವೊಮ್ಮೆ ಹೊಲಿಗೆ ಹಾಕುವ, ಇನ್ನೂ ಮುಂದುವರಿದು ಕತ್ತರಿ ಹಿಡಿಯುವ ಅವಕಾಶ ಸಿಗುತ್ತದೆ. ಬಿಳಿ ಕೋಟು ತೊಟ್ಟವರೆಲ್ಲ ಡಾಕ್ಟರರೇ ಎಂದು ರೋಗಿ ನಂಬುತ್ತಾನೆ. ತನ್ನ ದೇಹ ಯಾರದೋ ಪಾಠದ ಹಲಗೆಯಾಗುತ್ತಿದೆಯೆಂದು ಅವನ ಭಾಷೆಯಲ್ಲಿ ಹೇಳುವವರಿಲ್ಲ. ಬಡವನಾದ ಮಾತ್ರಕ್ಕೆ ಅವನ ಒಪ್ಪಿಗೆ ಅಗ್ಗವಾಗಬೇಕೇ? ವಿದ್ಯಾರ್ಥಿಗಳು ಹೊರದೇಶಗಳಲ್ಲಿ ತಮ್ಮ ತರಬೇತಿಯ ಮಿತಿ ಮೀರಬಾರದೆಂದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ 2011ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಮಾರ್ಗಸೂಚಿ ಬರೆಯಬೇಕಾಗಿ ಬಂತೆಂಬುದೇ ಸಾಕಷ್ಟು ಹೇಳುತ್ತದೆ.

ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಆಗಲಿ ಎನ್ನುವವರಿದ್ದಾರೆ. ನುರಿತ ಕೈಯಿಂದ ಕಣ್ಣಿನ ಪೊರೆ ತೆಗೆಸಿಕೊಂಡು ಮತ್ತೆ ಬೆಳಕು ಕಂಡ ಮುದುಕಿಯ ಮುಂದೆ ನಾವು ಈ ಮಾತನ್ನು ತಳ್ಳಿಹಾಕಲಾರೆವು. ಆದರೆ ಶಸ್ತ್ರಚಿಕಿತ್ಸೆ ಮೇಜಿನ ಮೇಲೆ ಮುಗಿಯುವುದಿಲ್ಲ. ಹತ್ತನೆಯ ದಿನ ಗಾಯ ಕೀವುಗಟ್ಟಿದರೆ ನೋಡುವವರು ಯಾರು? ಸೀಳು ಅಂಗುಳ ಸರಿಪಡಿಸಿದ ಮಗುವಿಗೆ ಮಾತು ಕಲಿಸುವವರು ಯಾರು? ವಿಮಾನ ಹಾರಿಹೋದ ಮೇಲೆ ಎಲ್ಲ ಹೊಣೆ ಬೀಳುವುದು ಸ್ಥಳೀಯ ನರ್ಸ್ ಮೇಲೆ. ಶಿಬಿರ ನಡೆದಷ್ಟೂ ದಿನ ಆಕೆಗೆ ಬರೀ ದುಭಾಷಿಯ ಕೆಲಸ ಕೊಟ್ಟಿದ್ದರೆ, ಆಕೆ ಕಲಿತದ್ದಾದರೂ ಏನು?

ಬೇರೆ ದಾರಿಯೂ ಇದೆ. ಆಸ್ಟ್ರೇಲಿಯಾದ ಕ್ಯಾಥರೀನ್ ಹ್ಯಾಮ್ಲಿನ್ ಮತ್ತು ಅವರ ಪತಿ ರೆಜಿನಾಲ್ಡ್ 1959ರಲ್ಲಿ ಇಥಿಯೋಪಿಯಾಕ್ಕೆ ಬಂದವರು ಅಲ್ಲೇ ನೆಲೆಸಿದರು. ಹೆರಿಗೆ ದಿನಗಟ್ಟಲೆ ತಡೆದು, ಒಳಗೆ ರಂಧ್ರವಾಗಿ, ಮೂತ್ರ ಸೋರುತ್ತಾ ಮನೆಯಿಂದ ದೂರವಾದ ಹೆಣ್ಣುಮಕ್ಕಳಿಗಾಗಿ 1974ರಲ್ಲಿ ಅಡಿಸ್ ಅಬಾಬಾದಲ್ಲಿ ಆಸ್ಪತ್ರೆ ತೆರೆದರು. ಇದೇ ನೋವಿನಿಂದ ಅವರ ಬಳಿ ಬಂದಿದ್ದ ಮಾಮಿತು ಗಾಶೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಗುಣವಾದ ಮೇಲೆ ಹಾಸಿಗೆ ಸರಿಪಡಿಸುತ್ತಾ, ಶಸ್ತ್ರಕ್ರಿಯೆಯಲ್ಲಿ ನೆರವಾಗುತ್ತಾ, ಕೊನೆಗೆ ತಾವೇ ಪರಿಣತ ಶಸ್ತ್ರಚಿಕಿತ್ಸಕಿಯಾದರು. ಕ್ಯಾಥರೀನ್ 2020ರಲ್ಲಿ ಅಡಿಸ್ ಅಬಾಬಾದಲ್ಲೇ ತೀರಿಕೊಂಡರು. ಆಸ್ಪತ್ರೆ ಅವರೊಂದಿಗೆ ಮುಚ್ಚಲಿಲ್ಲ.

ಸೊಮಾಲಿಲ್ಯಾಂಡ್‌ನ ಎಡ್ನಾ ಆದನ್ ಇಸ್ಮಾಯಿಲ್ ವಿಶ್ವ ಆರೋಗ್ಯ ಸಂಸ್ಥೆಯಿಂದ ನಿವೃತ್ತರಾಗಿ ಹಾಯಾಗಿರಬಹುದಿತ್ತು. ತಮ್ಮ ಉಳಿತಾಯವನ್ನೆಲ್ಲ ಸುರಿದು 2002ರಲ್ಲಿ ಹರ್ಗೈಸಾದಲ್ಲಿ ಹೆರಿಗೆ ಆಸ್ಪತ್ರೆ ತೆರೆದರು. ತಮ್ಮ ನೆಲದ ಹುಡುಗಿಯರನ್ನೇ ಸೂಲಗಿತ್ತಿಯರಾಗಿ, ನರ್ಸ್‌ಗಳಾಗಿ ತರಬೇತುಗೊಳಿಸಿದರು.

ಹಾಗಾದರೆ ವಿದ್ಯಾರ್ಥಿ ಹೋಗಲೇಬಾರದೇ? ಹೋಗಲಿ, ಆದರೆ ಉದ್ಧಾರಕನಾಗಿ ಅಲ್ಲ, ಶಿಷ್ಯನಾಗಿ ಹೋಗಲಿ. ಅಲ್ಲಿನ ವೈದ್ಯರು ಕರೆದರೆ, ಅವರ ಕೈಕೆಳಗೆ, ಅವರು ಹೇಳಿದಷ್ಟೇ ಮಾಡಲಿ. ಕಡತ ಬರೆಯುವುದೂ, ಗಾಜ್ ಪಟ್ಟಿ ಎಣಿಸುವುದೂ ಸೇವೆಯೇ. ಶಿಬಿರ ನಡೆಸುವವರು ಎಷ್ಟು ಶಸ್ತ್ರಚಿಕಿತ್ಸೆ ಮಾಡಿದೆವೆಂದು ಲೆಕ್ಕ ಕೊಡುತ್ತಾರೆ. ಎಷ್ಟು ಸ್ಥಳೀಯರಿಗೆ ಕಲಿಸಿದೆವು, ಯಾರು ಹೊಲಿಗೆ ಬಿಚ್ಚಿದರು ಎಂಬ ಲೆಕ್ಕವನ್ನೂ ನಾವು ಕೇಳಬೇಕು. ಅದಕ್ಕೆ ಉತ್ತರವಿಲ್ಲದ ಸೇವೆಯಲ್ಲಿ ಪಡೆದವನು ವಿದ್ಯಾರ್ಥಿ, ಕೊಟ್ಟವನು ಬಡವ.