ಸದ್ದಿಗಿಂತ ಮೊದಲು ಸೀಟು

ಕಾರ್ಖಾನೆಯವರು ಕೊಟ್ಟ ರೂಪದಲ್ಲಿಯೇ ತಮ್ಮ ಕಾರನ್ನು ಇಟ್ಟುಕೊಳ್ಳಲಾರದೆ, ಅದಕ್ಕೆ ಪಂದ್ಯದ ವಾಹನದ ಲಕ್ಷಣಗಳನ್ನು ಸಂಪಾದಿಸಿಕೊಡಬೇಕೆಂದು ಹೊರಟ ತರುಣರು, ನಾನು ಕಂಡಮಟ್ಟಿಗೆ, ಬಹುಪಾಲು ಎಲ್ಲರೂ ಮೊದಲು ಕೈಹಾಕುವುದು ಸೈಲೆನ್ಸರಿಗೆ. ಸೀಟಿನ ಯೋಚನೆ ಬರುವುದು ಕೈಯಲ್ಲಿದ್ದ ದುಡ್ಡು ಮುಗಿಯುತ್ತ ಬಂದಾಗ. ಈ ಕ್ರಮ ತಲೆಕೆಳಗಾದುದೆಂಬುದು ನನ್ನ ಬಹುಕಾಲದ ಅಭಿಪ್ರಾಯ. ಆದರೆ ತರುಣರ ತರ್ಕವೂ ನನಗೆ ಅರ್ಥವಾಗದ್ದೇನಲ್ಲ. ಸೈಲೆನ್ಸರು ಬದಲಾದದ್ದು ಓಣಿಗೆಲ್ಲ ತಿಳಿಯುತ್ತದೆ. ಸೀಟು ಬದಲಾದದ್ದು ಓಡಿಸುವವನ ಬೆನ್ನಿಗೆ ಮಾತ್ರ ತಿಳಿಯುತ್ತದೆ.

ಕೊಪ್ಪಳ ತಾಲ್ಲೂಕಿನ ಹೋಬಳಿ ಊರಾದ ಇರಕಲ್ಲಗಡಕ್ಕೆ ಕಳೆದ ದೀಪಾವಳಿಯಲ್ಲಿ ಬಂದಿದ್ದ ಒಂದು ಕಾರು ಈ ವಾರದ ಬರಹಕ್ಕೆ ಕಾರಣ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆ ಊರಿನ ತರುಣನೊಬ್ಬನ ಫೋಕ್ಸ್‌ವ್ಯಾಗನ್ ಪೋಲೊ ಜಿ.ಟಿ. ಅದು: 1197 ಸಿ.ಸಿ.ಯ ಟರ್ಬೊ ಪೆಟ್ರೋಲ್ ಎಂಜಿನ್, 105 ಅಶ್ವಶಕ್ತಿ. ಶಾಸ್ತ್ರಾರ್ಥದಲ್ಲಿ ಇದು ಸ್ಪೋರ್ಟ್ಸ್ ಕಾರಲ್ಲವೆಂದು ಮೂಗು ಮುರಿಯುವವರು ಮುರಿಯಲಿ. ನಮ್ಮ ನಾಡಿನಲ್ಲಿ ಆ ಹೆಸರಿಗೆ ಒಪ್ಪುವ ವಾಹನವನ್ನು ಕಟ್ಟಲು ಹೊರಟವರು ಇರಲಿಲ್ಲವೆಂದಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟರ್ಸ್ ಕಂಪನಿಯವರು ಫೈಬರ್ ಗ್ಲಾಸಿನ ಮೈ, ತೆರೆಯಬಲ್ಲ ಮಾಡು, ಎರಡೇ ಆಸನ, ರೆನೋದವರ 1149 ಸಿ.ಸಿ. ಎಂಜಿನ್ ಇಷ್ಟನ್ನು ಒಟ್ಟುಗೂಡಿಸಿ ‘ಸ್ಟಾರ್ಮ್’ ಎಂಬ ಪುಟ್ಟ ಕಾರನ್ನು ಹೊರತಂದರು. ಅದನ್ನು ಕೊಂಡವರು ವಿರಳ. ಹೀಗಾಗಿ, ವೇಗದ ಕಾರೆಂದರೆ ಸಂಸಾರದ ಕಾರನ್ನೇ ತಿದ್ದಿ ಮಾಡಿಕೊಳ್ಳತಕ್ಕದ್ದು ಎಂಬ ರೂಢಿ ನಮ್ಮಲ್ಲಿ ಬೇರೂರಿತು. ಪೋಲೊ ಆ ರೂಢಿಯ ಇಷ್ಟದೈವವಾಯಿತು.

ಕಾರು ಊರೊಳಕ್ಕೆ ಬರುವ ಮೊದಲೇ ಅದರ ಸದ್ದು ಬಂದಿತ್ತು. ಇರಕಲ್ಲಗಡದ ಸುತ್ತ ಇರುವುದು ಬೋಳು ಕಲ್ಲಿನ ಗುಡ್ಡಗಳು. ಬೆಳೆ ನಿಂತ ಎರೆಹೊಲವಾದರೆ ಶಬ್ದವನ್ನು ತಕ್ಕಮಟ್ಟಿಗೆ ನುಂಗಿಕೊಳ್ಳುತ್ತದೆ. ಗ್ರಾನೈಟ್ ಬಂಡೆ ಬಂದದ್ದನ್ನು ಬಂದಂತೆ ಹಿಂದಕ್ಕೆ ಕಳಿಸುತ್ತದೆ. ಬೆಂಗಳೂರಿನ ವರ್ತುಲ ರಸ್ತೆಯಲ್ಲಿ ನೂರು ಸದ್ದುಗಳ ನಡುವೆ ಕರಗಿಹೋಗುತ್ತಿದ್ದ ಆ ಧ್ವನಿ ಇಲ್ಲಿ ಇಮ್ಮಡಿಯಾಗಿ ಕೇಳಿಸಿ, ಕಟ್ಟೆಯ ಮೇಲೆ ಕುಳಿತಿದ್ದವರೆಲ್ಲ ಎದ್ದು ನೋಡುವಂತಾಯಿತು. ಮಾಲೀಕನಿಗೆ ಪರಮಾನಂದ.

ಆ ಸದ್ದಿನ ಒಳಗುಟ್ಟನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಸ್ಫೋಟಗಳಾಗುತ್ತವೆ. ಎಂದರೆ ನಿಮಿಷಕ್ಕೆ ಸುಮಾರು 4,160 ಸುತ್ತಿನಲ್ಲಿ ಎಂಜಿನ್ ತಿರುಗುತ್ತಿರುವಾಗ ಅದರ ಮೂಲಸ್ವರ ಸೆಕೆಂಡಿಗೆ 138 ಕಂಪನಗಳ ಆಸುಪಾಸಿನಲ್ಲಿರುತ್ತದೆ. ನಮ್ಮ ಭಾಗದ ಗವಾಯಿಗಳು ಹಾರ್ಮೋನಿಯಂನಲ್ಲಿ ಕಾಳಿ ಒಂದು ಎಂದು ಹಿಡಿಯುವ ಸ್ವರವೂ ಅದೇ. ವಾಲ್ವು ತೆರೆದ ಕ್ಷಣದಲ್ಲಿ ಹೊರನುಗ್ಗುವ ಬಿಸಿಗಾಳಿ ಒಂದೇ ಸಮನಾದ ಹರಿವಾಗಿರದೆ ಒತ್ತಡದ ಬಡಿತಗಳಾಗಿ ಸಾಗುತ್ತದೆ. ಒಂದು ಸಿಲಿಂಡರಿನ ಬಡಿತ ಮುಂದೆ ಸಾಗಿದಾಗ ಅದರ ಬೆನ್ನಿಗೆ ಉಂಟಾಗುವ ಒತ್ತಡದ ಕುಸಿತವು ಮುಂದಿನ ಸಿಲಿಂಡರಿನ ಹೊಗೆಯನ್ನು ಸೆಳೆದುಕೊಳ್ಳುವಂತೆ ಕೊಳವೆಗಳ ಉದ್ದವನ್ನೂ ಅವು ಕೂಡುವ ಜಾಗವನ್ನೂ ಲೆಕ್ಕಹಾಕುವುದೇ ಹೆಡರ್ ಕಟ್ಟುವವನ ವಿದ್ಯೆ. ‘ಎಂಜಿನ್ನಿಗೆ ಒಂದಿಷ್ಟು ಬ್ಯಾಕ್ ಪ್ರೆಷರ್ ಇರಬೇಕು’ ಎಂದು ಗ್ಯಾರೇಜುಗಳಲ್ಲಿ ಹೇಳುವ ಮಾತು ಈ ವಿದ್ಯೆಯ ಅಪಭ್ರಂಶ. ತೀರ ಅಗಲವಾದ ಕೊಳವೆ ಹಾಕಿದಾಗ ಕೆಳಗಿನ ಸುತ್ತುಗಳಲ್ಲಿ ಪಿಕಪ್ ಕುಗ್ಗುವುದು ನಿಜ. ಅದಕ್ಕೆ ಕಾರಣ ಹೊಗೆಯ ವೇಗ ತಗ್ಗಿ ಆ ಸೆಳೆತ ಕೆಡುವುದೇ ಹೊರತು ಒತ್ತಡದ ಅಭಾವವಲ್ಲ.

ಟರ್ಬೊ ಎಂಜಿನ್ನಿನ ಸಂಗತಿ ಬೇರೆ. ಅಲ್ಲಿ ಹೊಗೆಯ ದಾರಿಗೆ ಅಡ್ಡಲಾಗಿ ಒಂದು ಚಕ್ರ ತಿರುಗುತ್ತಿದ್ದು, ಬಡಿತಗಳ ಬಹುಭಾಗವನ್ನು ಅದೇ ಕಬಳಿಸುವುದರಿಂದ ಸದ್ದು ಸ್ವಭಾವತಃ ಮೆತ್ತಗಿರುತ್ತದೆ. ಚಕ್ರದಾಚೆಗಿನ ಕೊಳವೆ ಎಷ್ಟು ಸಡಿಲವಾಗಿದ್ದರೆ ಅಷ್ಟು ಒಳ್ಳೆಯದೆಂಬುದು ಇಲ್ಲಿ ನಿಜವೇ. ಆದರೆ ಎಷ್ಟು ಬಲ ಹೊರಡಬೇಕೆಂಬುದನ್ನು ನಿಶ್ಚಯಿಸುವುದು ಕಾರಿನ ಕಂಪ್ಯೂಟರು. ಅದನ್ನು ರೀಮ್ಯಾಪ್ ಮಾಡದೆ ಸೈಲೆನ್ಸರನ್ನಷ್ಟೇ ಬದಲಿಸಿದವನಿಗೆ ದೊರೆಯುವುದು ಬಹುಮಟ್ಟಿಗೆ ನಾದಸುಖವೊಂದೇ. ನಮ್ಮ ಇರಕಲ್ಲಗಡದ ತರುಣನಿಗೆ ದೊರೆತದ್ದೂ ಅಷ್ಟೆ. ಕೆಲಸವೇನೋ ಅಚ್ಚುಕಟ್ಟಾಗಿತ್ತು: ಸ್ಟೇನ್‌ಲೆಸ್ ಉಕ್ಕಿನ ಕೊಳವೆ, ತಿರುವುಗಳಲ್ಲಿ ಒಂದೆಡೆಯೂ ಚಪ್ಪಟೆಯಾಗದ ಸಮಾನ ವ್ಯಾಸ, ಬೆಸುಗೆಯ ಗೆರೆ ಒಂದರ ಮೇಲೊಂದು ನಾಣ್ಯ ಒರಗಿಸಿಟ್ಟ ಹಾಗೆ ಕ್ರಮಬದ್ಧ. ಬೆಸುಗೆಗಾರನಿಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆ.

ಆ ಮೇಲೆ ಕಾರಿನಲ್ಲಿ ಕುಳಿತು ಕುಷ್ಟಗಿಯ ಕಡೆಗೆ ಹೊರಟು 50ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಸೇರಿ ಸಮವೇಗದಲ್ಲಿ ಸಾಗತೊಡಗಿದಾಗ ಕೈಮುಗಿದದ್ದು ಸ್ವಲ್ಪ ಅವಸರವಾಯಿತೇನೋ ಅನ್ನಿಸಿತು. ನಿಮಿಷಕ್ಕೆ 2,400 ಸುತ್ತಿನ ಸಮೀಪಕ್ಕೆ ಎಂಜಿನ್ ಬಂದು ನಿಂತಾಗಲೆಲ್ಲ ಸೆಕೆಂಡಿಗೆ 80 ಕಂಪನಗಳ ಒಂದು ಗುಂಯ್‌ಗುಡುವಿಕೆ ಕಾರಿನ ಒಳಗನ್ನೆಲ್ಲ ತುಂಬಿಕೊಂಡು ಕಿವಿಯ ಹಿಂದೆ ಕುಳಿತುಬಿಡುತ್ತಿತ್ತು. ಇದಕ್ಕೆ ಮದ್ದಿದೆ. ಮುಖ್ಯ ಕೊಳವೆಗೆ ಒಂದು ತುದಿ ಮುಚ್ಚಿದ ಕವಲುಕೊಳವೆಯನ್ನು ಬೆಸೆದರೆ, ಅದರೊಳಕ್ಕೆ ಹೋಗಿ ಮರಳಿ ಬರುವ ಅಲೆ ಮೂಲ ಅಲೆಗೆ ಎದುರಾಗಿ ಅದನ್ನು ಅಡಗಿಸುತ್ತದೆ. ಬಿಸಿಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರೆಂದು ಹಿಡಿದರೆ 80 ಕಂಪನಗಳ ಸ್ವರವನ್ನು ಅಡಗಿಸಲು ಬೇಕಾದ ಕವಲಿನ ಉದ್ದ ಒಂದೂವರೆ ಮೀಟರಿಗೆ ತುಸು ಹೆಚ್ಚು. ಪೋಲೊದಂಥ ಗಿಡ್ಡ ಕಾರಿನ ಹೊಟ್ಟೆಯಡಿ ಅಷ್ಟು ಉದ್ದಕ್ಕೆ ಜಾಗ ಹುಡುಕುವುದು ಆ ಬೆಸುಗೆಗಾರನ ಪಾಲಿನ ಕಷ್ಟ. ಕಾರ್ಖಾನೆಯವರು ಕೊಟ್ಟ ಸೈಲೆನ್ಸರಿನ ಕೋಣೆಗಳೂ ರಂಧ್ರಗಳೂ ಇದೇ ಲೆಕ್ಕದ ಫಲವೆಂಬುದನ್ನು, ಅದನ್ನು ಕಿತ್ತೆಸೆದವನು ಹೀಗೆ ದುಡ್ಡು ಕೊಟ್ಟು ಕಲಿಯುತ್ತಾನೆ.

ಕೊಳವೆಯಿಂದ ಎಂಜಿನ್ನಿನ ಪ್ರಕೃತಿಯೇ ಬದಲಾಗುವುದನ್ನು ನೋಡಬೇಕಾದರೆ ಎರಡು ಸ್ಟ್ರೋಕಿನ ಬೈಕುಗಳ ಕಡೆ ಹೋಗಬೇಕು. ಹೊರಬಿದ್ದ ಹೊಸ ಮಿಶ್ರಣವನ್ನು ಮರಳಿದ ಅಲೆಯೇ ಸಿಲಿಂಡರಿಗೆ ತಳ್ಳುವಂತೆ ಉಬ್ಬುಕೊಳವೆಯನ್ನು ರೂಪಿಸುವ ಕಲೆಯನ್ನು 1950ರ ದಶಕದಲ್ಲಿ ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್ ಸಿದ್ಧಿಗೆ ತಂದನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ವರೆಗೆ ಹೊರಡಿಸಿದ ಜಾವಾ, ಯೆಜ್ದಿಗಳನ್ನೂ ನಮ್ಮ ಕಡೆಯವರ ಪ್ರಾಣವಾದ ಆರ್‌ಎಕ್ಸ್ 100ನ್ನೂ ತಿದ್ದಿದ ಮೇಸ್ತ್ರಿಗಳು ಆ ಹೆಸರನ್ನು ಕೇಳಿರಲಾರರು. ವಿದ್ಯೆಯೇನೋ ಅವರ ಕೈಗೆ ಬಂದಿತ್ತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳನ್ನು ತೊಟ್ಟ ಯೆಜ್ದಿಯ ಗಾಂಭೀರ್ಯವನ್ನು ಕುರಿತು ಬರೆಯತೊಡಗಿದರೆ ಈ ಅಂಕಣ ಸಾಲದು.

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ನಮೂದಿಸಿದ ಲಕ್ಷಣಗಳಿಂದ ವಾಹನವನ್ನು ಬೇರೆಯಾಗಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹೊಸ ಕಾರೊಂದು ಪರೀಕ್ಷೆಯಲ್ಲಿ ಮೀರಕೂಡದ ಶಬ್ದದ ಮಿತಿ 74 ಡೆಸಿಬೆಲ್. ಶಬ್ದ ಹಾಗೂ ಹೊಗೆಯ ನಿಯಮ ಮುರಿದವನಿಗೆ ಹತ್ತು ಸಾವಿರ ರೂಪಾಯಿಯ ವರೆಗೆ ದಂಡ, ಮೂರು ತಿಂಗಳ ವರೆಗೆ ಸೆರೆವಾಸ ಇವುಗಳಲ್ಲೊಂದನ್ನೋ ಎರಡನ್ನೋ ವಿಧಿಸಬಹುದು. ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹಾಯಿಸುವ ಚಿತ್ರಗಳನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಓದುಗರು ನೋಡಿಯೇ ಇರುತ್ತಾರೆ. ಹಿಂದೆ 1897ರಲ್ಲಿ ಅಮೆರಿಕದ ರೀವ್ಸ್ ಸೋದರರು ಸೈಲೆನ್ಸರಿಗೆ ಪೇಟೆಂಟ್ ಪಡೆದದ್ದು, ಕುದುರೆಗಳೂ ನೆರೆಹೊರೆಯವರೂ ಬೆದರದಿರಲೆಂದು. ಕುದುರೆಗಳು ಹೋದವು, ನೆರೆಹೊರೆಯವರು ಇದ್ದೇ ಇದ್ದಾರೆ.

ಇನ್ನು ಸೀಟು. ಐವತ್ತು ಮೀಟರ್ ತ್ರಿಜ್ಯದ ತಿರುವೊಂದನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಾಯುವಾಗ, 70 ಕಿಲೋ ತೂಕದ ಮನುಷ್ಯನನ್ನು ಹೊರಕ್ಕೆ ಜಗ್ಗುವ ಬಲ ಸುಮಾರು 40 ಕಿಲೋ ಭಾರಕ್ಕೆ ಸಮ. ಸಾಮಾನ್ಯ ಸೀಟಿನ ಮೇಲೆ ಕುಳಿತವನು ಆ ಬಲವನ್ನು ತಡೆಯುವುದು ಯಾವುದರಿಂದ? ಎಡಗಾಲನ್ನು ನೆಲಕ್ಕೂ ಬಲಮೊಣಕಾಲನ್ನು ಬಾಗಿಲಿಗೂ ಒತ್ತಿಹಿಡಿದು, ಸಾಲದ್ದಕ್ಕೆ ಸ್ಟಿಯರಿಂಗಿಗೆ ಜೋತುಬಿದ್ದು. ಕಾರನ್ನು ತಿರುಗಿಸಬೇಕಾದ ಕೈಗಳು ಮೈಯನ್ನು ಹೊರುವುದರಲ್ಲಿ ತೊಡಗಿದರೆ, ಮುಂದಿನ ಗಾಲಿಗಳು ರಸ್ತೆಯ ವಿಷಯವಾಗಿ ಹೇಳುವ ಸೂಕ್ಷ್ಮವನ್ನು ಕೇಳುವವರು ಯಾರು? ಸೊಂಟ, ಪಕ್ಕೆ, ಭುಜಗಳನ್ನು ಬಿಗಿಯಾಗಿ ಹಿಡಿಯುವ ಬಕೆಟ್ ಸೀಟಿನಲ್ಲಿ ಕುಳಿತವನಿಗಾದರೋ ಕೈ ಸಡಿಲಾಗಿ, ಕಾರಿನ ಹಿಂಭಾಗ ಜಾರತೊಡಗುವ ಸುಳಿವು ಮೊದಲು ತಿಳಿಯುವುದು ನಡುವಿಗೆ. ಒಂದು ಅಶ್ವಶಕ್ತಿಯನ್ನೂ ಸೇರಿಸದೆ ಕಾರನ್ನು ಉತ್ತಮಗೊಳಿಸುವ ಸಾಧನ ಇದು.

ಈ ಸೀಟುಗಳ ಚರಿತ್ರೆಯಲ್ಲಿ ದೊಡ್ಡ ಹೆಸರು ಜರ್ಮನಿಯ ರೆಕಾರೊ. 1906ರಷ್ಟು ಹಿಂದೆ ಸ್ಟುಟ್‌ಗಾರ್ಟಿನಲ್ಲಿ ಗಾಡಿಯ ಮೈಕಟ್ಟುವ ಕಸುಬಿನವರಾಗಿ ತೊಡಗಿದ ರಾಯ್ಟರ್ ಮನೆತನದ ಉದ್ಯಮದಿಂದ 1963ರಲ್ಲಿ ಕವಲೊಡೆದದ್ದು. ಇಟಲಿಯ ಸ್ಪಾರ್ಕೊ, ಜಪಾನಿನ ಬ್ರೈಡ್ ತರುವಾಯದವು. ಒಳ್ಳೆಯ ಸೀಟಿನ ಜೀವ ಇರುವುದು ಅದರ ಚಿಪ್ಪಿನಲ್ಲಿ. ಗಾಜಿನ ನೂಲಿನ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸಿ, ರಾಳ ಸವರಿ, ಮತ್ತೆ ಬಟ್ಟೆ ಹಾಸಿ, ಪದರದ ಮೇಲೆ ಪದರ ಬಲಿಸಿದ ಆ ಚಿಪ್ಪನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಕೊಪ್ಪಳದ ನೆರೆಯ ಕಿನ್ನಾಳ. ಅಲ್ಲಿಯ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಕೂಡಿಸಿ, ಗೋಣಿನಾರಿನ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಮೆತ್ತಿ, ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅದೇ ಅಂಟಿನಿಂದ ಹೊದಿಸಿ ದೇವರ ಮೂರ್ತಿಗಳನ್ನೂ ಗೊಂಬೆಗಳನ್ನೂ ಮಾಡುತ್ತ ಬಂದಿರುವುದು ಇದೇ ತತ್ತ್ವದ ಮೇಲೆ: ನೂಲು ಎಳೆತವನ್ನು ತಡೆಯುತ್ತದೆ, ಅಂಟು ಆಕಾರವನ್ನು ಹಿಡಿಯುತ್ತದೆ, ತೂಕ ಮಾತ್ರ ಏರುವುದಿಲ್ಲ. ನಮ್ಮ ತರುಣನ ಪೋಲೊಗೂ ಇಂಥ ಸೀಟುಗಳನ್ನು ಕೂರಿಸುವಾಗ ಮೂಲ ಸೀಟನ್ನು ಇಬ್ಬರು ಹಿಡಿದು ಹೊರಗಿಟ್ಟರು. ಚಿಪ್ಪಿನ ಸೀಟನ್ನು ತರುಣನು ಒಂದೇ ಕೈಯಲ್ಲಿ ಎತ್ತಿ ತೋರಿಸಿದನು.

ಪಂದ್ಯದ ಸೀಟುಗಳಿಗೆ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್.ಐ.ಎ.ಯವರ ಮುದ್ರೆ ಇರುತ್ತದೆ. 8855-1999 ಎಂಬ ಮಾನದಂಡದ ಸೀಟಿಗೆ ಅವರು ಕೊಡುವ ಆಯುಸ್ಸು ತಯಾರಾದ ದಿನದಿಂದ ಐದು ವರ್ಷ. ಪೇಟೆಯಲ್ಲಿ ಅಗ್ಗಕ್ಕೆ ದೊರೆಯುವ, ಹೆಸರಾಂತ ಕಂಪನಿಯ ಅಕ್ಷರಗಳನ್ನು ಕಸೂತಿ ಹಾಕಿಸಿಕೊಂಡ ನಕಲಿ ಸೀಟುಗಳ ಬೆನ್ನನ್ನು ಒಮ್ಮೆ ಗೆಣ್ಣಿನಿಂದ ತಟ್ಟಿ ನೋಡಿ. ಚಿಪ್ಪು ಎಲ್ಲಿ ತೆಳುವೆಂಬುದು ಗೊತ್ತಾಗುತ್ತದೆ. ಸೀಟಿಗಿಂತಲೂ ಮಿಗಿಲಾದ ಗಂಡಾಂತರ ಅದನ್ನು ನೆಲಕ್ಕೆ ಕಚ್ಚಿಸುವ ಪಟ್ಟಿಗಳಲ್ಲಿದೆ. ಆ ಕಾರಿಗೆಂದೇ ಮಾಡಿದ ಬ್ರಾಕೆಟ್ಟು ಸಿಕ್ಕದಾಗ, ಬಾಗಿಲುಚೌಕಟ್ಟಿಗೆ ಮಿಕ್ಕ ಕಬ್ಬಿಣದ ಕೋನಪಟ್ಟಿಯನ್ನು ಕತ್ತರಿಸಿ ರಂಧ್ರ ಕೊರೆದು ಕೂರಿಸುವ ಜಾಣ್ಮೆ ನಮ್ಮಲ್ಲಿ ಹೇರಳ. ದಯವಿಟ್ಟು ಆ ಜಾಣ್ಮೆಯನ್ನು ಇಲ್ಲಿ ತೋರಿಸಬಾರದು. ಕೆಲವು ಕಾರುಗಳ ಮೂಲ ಸೀಟಿನ ಪಕ್ಕೆಯೊಳಗೇ ಗಾಳಿಚೀಲವಿರುತ್ತದೆಂಬುದನ್ನೂ ಮರೆಯಬಾರದು. ಭುಜಗಳ ಮೇಲಿಂದ ಇಳಿಯುವ ನಾಲ್ಕು ಬಿಂದುಗಳ ಪಟ್ಟಿಯಂತೂ ರೋಲ್ ಕೇಜ್ ಇಲ್ಲದ ಕಾರಿಗೆ ಸರ್ವಥಾ ಸಲ್ಲದು: ಕಾರು ಮಗುಚಿ ಮಾಡು ಕುಸಿದಾಗ ಪಕ್ಕಕ್ಕೆ ಒರಗಿ ಉಳಿಯಬಹುದಾದ ದೇಹವನ್ನು ಆ ಪಟ್ಟಿ ನೆಟ್ಟಗೆ ನಿಲ್ಲಿಸಿರುತ್ತದೆ. ಬೀದಿಯಲ್ಲಿ ಓಡಿಸುವವನಿಗೆ ಕಾರ್ಖಾನೆಯ ಮೂರು ಬಿಂದುಗಳ ಬೆಲ್ಟೇ ಸರಿ.

ಇಂಥ ಸೀಟಿನ ನಿಜವಾದ ಬೆಲೆ ಗೊತ್ತಿರುವವರು ರ್‍ಯಾಲಿಯವರು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ನಡೆಸುತ್ತ ಬಂದಿರುವ ಕೆ-1000 ರ್‍ಯಾಲಿಯ ಮಣ್ಣುದಾರಿಗಳಲ್ಲಿ ಚಾಲಕನಿಗಾದರೂ ಹಿಡಿಯಲು ಸ್ಟಿಯರಿಂಗ್ ಇದೆ. ಪಕ್ಕದಲ್ಲಿ ಕುಳಿತು, ತೊಡೆಯ ಮೇಲಿನ ಪುಸ್ತಕ ನೋಡಿಕೊಂಡು ಮುಂದಿನ ತಿರುವನ್ನು ಓದಿಹೇಳುವ ನ್ಯಾವಿಗೇಟರನಿಗೆ ಸೀಟೊಂದೇ ಗತಿ. ಆ ಕೆಲಸದಲ್ಲಿ ದೇಶಕ್ಕೇ ಹೆಸರಾದ ಮೂಸಾ ಷರೀಫ್ ನಮ್ಮ ಗಡಿನಾಡು ಕಾಸರಗೋಡಿನವರು.

ಇರಕಲ್ಲಗಡದಲ್ಲಿ ಈ ಸೀಟಿಗೆ ಒದಗಿದ ಪರೀಕ್ಷೆ ಇನ್ನೊಂದು ಬಗೆಯದು. ತರುಣನ ಅಜ್ಜಿಯನ್ನು ಕೊಪ್ಪಳದ ಗವಿಮಠಕ್ಕೆ ಕರೆದೊಯ್ಯಬೇಕಾಗಿತ್ತು. ಇಳಕಲ್ ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿಹಿಡಿದು, ತೊಡೆಯೆತ್ತರಕ್ಕೆ ಎದ್ದುನಿಂತ ಸೀಟಿನ ಅಂಚನ್ನು ಮತ್ತೊಂದು ಕೈಯಿಂದ ಒತ್ತಿ ನೋಡಿ, ಆಕೆ ಹೇಳಿದ್ದು: “ಯಪ್ಪಾ, ಇದರಾಗ ನಾ ಕುಂತ್ನೆಂದ್ರ ಎಬ್ಬಸಾಕ ಮತ್ತ ನಾಕ್ ಮಂದಿ ಬೇಕಲ್ಲೋ. ಹಿಂದ ಕುಂದ್ರತೀನಿ ತಗೋ.” ಹಿಂದಿನ ಸೀಟಿಗೆ ಹೋಗಬೇಕಾದರೂ ಬಕೆಟ್ ಸೀಟು ಮಡಚುವುದಿಲ್ಲವೆಂದು ನಾನು ಆತಂಕಗೊಂಡೆ, ಪುಣ್ಯಕ್ಕೆ ಪೋಲೊದ ಹಿಂಬದಿಗೂ ಬಾಗಿಲುಗಳಿವೆ.

ಆದ್ದರಿಂದ ಈ ಹವ್ಯಾಸದಲ್ಲಿ ಕಾಲಿಡುತ್ತಿರುವ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಮೊದಲು ಚಾಲಕನ ಸೀಟೊಂದನ್ನು, ನಿಮ್ಮ ಸೊಂಟದ ಅಳತೆಗೆ ಒಪ್ಪುವಂಥದನ್ನು, ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತು ನೋಡಿ ಕೊಳ್ಳಿ. ಕೊಪ್ಪಳದ ಬೇಸಿಗೆಯನ್ನು ನೆನೆದು, ಬೆವರು ಹಿಡಿದಿಡುವ ಹೊದಿಕೆಯನ್ನು ಬಿಡಿ. ಕೂರಿಸುವ ಮೊದಲು ಆರ್.ಟಿ.ಒ. ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿ. ನೋಂದಣಿ ಪತ್ರದಲ್ಲಿ ಬರೆದ ಆಸನಗಳ ಸಂಖ್ಯೆಯನ್ನು ಮಾತ್ರ ಕಡಮೆ ಮಾಡಬೇಡಿ. ಎಂಜಿನ್ನಿನ ಕಂಠವನ್ನು ಪೂರ್ಣವಾಗಿ ಬಿಚ್ಚಿ ಕೇಳುವ ಆಸೆ ತಡೆಯಲಾಗದಿದ್ದರೆ ಚೆನ್ನೈ ಬಳಿಯ ಇರುಂಗಾಟುಕೋಟೆಯಲ್ಲಿಯೂ ಕೊಯಮತ್ತೂರಿನಲ್ಲಿಯೂ ಅದಕ್ಕೆಂದೇ ಕಟ್ಟಿದ ಪಥಗಳಿವೆ. ಕಳಚಿದ ಮೂಲ ಸೀಟನ್ನೂ ಸೈಲೆನ್ಸರನ್ನೂ ಗುಜರಿಗೆ ಹಾಕದೆ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಕಾರು ಮಾರುವ ದಿನ ಕೊಳ್ಳುವವನು ಮೊದಲು ಕೇಳುವುದು ಅವನ್ನೇ.